ನಾದದ ಮೊರ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ದೆಹಲಿಗೆ ಬಂದ ಮೇಲೆ ನಾವು ಅವಕಾಶವಾದಿಗಳನ್ನು ಹಂಗಿಸಲಷ್ಟೇ ಬಳಸುತ್ತ ಬಂದಿದ್ದೇವೆ. ಕಣದಲ್ಲಿ ಅದು ಶುದ್ಧ ಭೌತಶಾಸ್ತ್ರ. ಬೀಸುವುದು ಒಂದೇ ಗಾಳಿಯಾದರೂ ಕಾಳು ಕಾಲಬುಡದಲ್ಲಿ ಬೀಳುತ್ತದೆ, ಹೊಟ್ಟು ಆಚೆ ಹಾರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಾಳುಗಳನ್ನು ತೂರಲು ವಿಜ್ಞಾನಿಗಳು ಗಾಳಿಯ ಬದಲು ಶಬ್ದವನ್ನು ಹಿಡಿದಿದ್ದಾರೆ.

ನಮ್ಮ ಬಳಗದ ಹಿರಿಯರೊಬ್ಬರಿಗೆ ಬೈಪಾಸ್ ಆಯಿತು. ನಮಗೆಲ್ಲ ಕುಮಾರವ್ಯಾಸನನ್ನು ವಾಚಿಸಿ ತೋರಿದವರು ಎಚ್ಚರವಾದ ಮೂರು ದಿನ ಮನೆಮಂದಿಯ ಹೆಸರಿಗೂ ತಡವರಿಸಿದರು. ಕಾರಣಗಳು ಹಲವಿರಬಹುದೆಂದರು ವೈದ್ಯರು. ಅವುಗಳಲ್ಲೊಂದು ನಮ್ಮ ಮನಸ್ಸಿನಲ್ಲಿ ಉಳಿಯಿತು: ಶಸ್ತ್ರಚಿಕಿತ್ಸೆಯಲ್ಲಿ ಎದೆಗೂಡಿಗೆ ಚೆಲ್ಲಿದ ರಕ್ತವನ್ನು ಮರಳಿ ದೇಹಕ್ಕೆ ಕೊಡುವಾಗ ಅದರಲ್ಲಿ ಬೆರೆತ ಕೊಬ್ಬಿನ ಹನಿಗಳು ಮಿದುಳಿನ ಕಿರುನಾಳಗಳಲ್ಲಿ ಸಿಕ್ಕಿಕೊಳ್ಳಬಹುದು.

ಆ ಕೊಬ್ಬನ್ನು ಶಬ್ದದಿಂದ ಬೇರ್ಪಡಿಸಲು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಲಾರೆಲ್ ಮತ್ತು ಸಂಗಡಿಗರು ಪ್ರಯೋಗ ನಡೆಸಿದರು. ಸಿಲಿಕಾನಿನಲ್ಲಿ ಕೊರೆದ ಕೂದಲೆಳೆಯಂಥ ಕಾಲುವೆ. ಅದಕ್ಕೆ ಅಂಟಿಕೊಂಡು ಸೆಕೆಂಡಿಗೆ ಸುಮಾರು 20 ಲಕ್ಷ ಬಾರಿ ಕಂಪಿಸುವ ಪೀಜೋ ಬಿಲ್ಲೆ. ನಮ್ಮ ಕಿವಿಯ ಮಿತಿ 20 ಸಾವಿರ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್; ಹಾಗಾಗಿ ಅಲೆಯ ಉದ್ದ 0.75 ಮಿಲಿಮೀಟರ್. ಅದರ ಅರ್ಧದಷ್ಟೇ ಕಾಲುವೆಯ ಅಗಲವಿದ್ದರೆ, ಗೋಡೆಯಿಂದ ಗೋಡೆಗೆ ಮರಳುವ ಅಲೆ ನಿಂತಲ್ಲೇ ನಿಂತಂತಾಗುತ್ತದೆ. ನಡುವೆ ಒತ್ತಡ ಏರಿಳಿಯದು. ಗೋಡೆಗಳ ಬಳಿ ಏರಿಳಿತ ಗರಿಷ್ಠ. ದ್ರವಕ್ಕಿಂತ ಸಾಂದ್ರವೂ ಗಡುಸೂ ಆದ ಕೆಂಪು ಕಣಗಳು ನಡುವಿಗೆ ಸರಿಯುತ್ತವೆ, ಕೊಬ್ಬಿನ ಹನಿಗಳು ಗೋಡೆಗಳತ್ತ. ಮುಂದೆ ಕಾಲುವೆ ಮೂರು ಕವಲಾಗಿ ಒಡೆದಾಗ ಅವರವರ ದಾರಿ ಅವರವರಿಗೆ. ಒಂದೇ ಬಗೆಯ ಕಣಗಳಾದರೂ ಗಾತ್ರ ನೋಡಿ ಬೇರಾಗುತ್ತವೆ: ವ್ಯಾಸ ಇಮ್ಮಡಿಯಾದರೆ ಶಬ್ದದ ತಳ್ಳು ಎಂಟು ಪಟ್ಟು, ದ್ರವದ ತಡೆ ಎರಡು ಪಟ್ಟು, ಆದ್ದರಿಂದ ಓಟ ನಾಲ್ಕು ಪಟ್ಟು.

ಕಂಪನವು ಕಣಗಳನ್ನು ಸಾಲುಗೂಡಿಸುವುದು ಹಳೆಯ ಸಂಗತಿ. ಮರಳು ಉದುರಿಸಿದ ಲೋಹದ ಹಲಗೆಗೆ ಪಿಟೀಲಿನ ಕಮಾನು ತೀಡಿ ಮೂಡಿಸಿದ ಚಿತ್ರಗಳನ್ನು ಜರ್ಮನಿಯ ಕ್ಲಾಡ್ನಿ 1787ರಲ್ಲೇ ಪ್ರಕಟಿಸಿದ್ದ. ಸಿ. ವಿ. ರಾಮನ್ನರು ಮೃದಂಗದ ಮುಚ್ಚಳಿಕೆಯ ಮೇಲೆ ಮರಳು ಹರಡಿ ಅದರ ಸ್ವರಗಳ ವಿನ್ಯಾಸವನ್ನು ಕಂಡರು. ಬೆಂಗಳೂರಿನಿಂದ 1934ರಲ್ಲಿ ಪ್ರಬಂಧ ಬರೆದರು. ಅವರು ಮೊದಲು ಹತ್ತು ವರ್ಷ, ಬಹುಮಟ್ಟಿಗೆ ಕಲ್ಕತ್ತೆಯಲ್ಲಿ, ಹಣಕಾಸು ಇಲಾಖೆಯ ಕಡತ ನೋಡುತ್ತ, ಉಳಿದ ಹೊತ್ತಿನಲ್ಲಿ ಪ್ರಯೋಗಶಾಲೆ ಸೇರುತ್ತಿದ್ದರೆಂಬುದು ಕಡತದವರಾದ ನಮಗೆ ಹೆಮ್ಮೆ, ಕೊಂಚ ಚುಚ್ಚೂ ಹೌದು.

ಈ ಕಾಲುವೆಗೆ ಮಿತಿಯಿದೆ. ಒಂದರಲ್ಲಿ ನಿಮಿಷಕ್ಕೆ ಹರಿಯುವುದು ತೀರ ಕಡಿಮೆ. ಹೃದಯ ಚಿಕಿತ್ಸೆಗೆ ಅನೇಕ ಕಾಲುವೆಗಳು ಜೊತೆಯಾಗಿ ದುಡಿಯಬೇಕು. ಆದರೂ ಮಾತು ಮರಳಿದ ನಮ್ಮ ಹಿರಿಯರಿಗೆ ಇದನ್ನೆಲ್ಲ ವಿವರಿಸಿದೆವು. ಕೇಳಿ ನಕ್ಕರು: “ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುತ್ತೆ ಅಂತಾರಲ್ಲ, ಅದು ಹಾಡ್ಕೊಂಡೇ ಮಾಡಿರಬೇಕು ಬಿಡಿ.”