ಅರ್ಧ ಅಳತೆಯ ಮದ್ದು



ದೀಪಾವಳಿಯ ರಾತ್ರಿ ಜಯನಗರದ ನಮ್ಮ ಬೀದಿಯಲ್ಲಿ ಪಟಾಕಿಯ ಹೊಗೆ ಕವಿದಾಗಲೆಲ್ಲ ನನಗೆ ನೆನಪಾಗುವುದು ತೀರ್ಥಹಳ್ಳಿ ಸೀಮೆಯ ನಮ್ಮ ಹಳೆಯ ಮನೆಯ ಜಗಲಿ. ಅಲ್ಲಿನ ಗೋಡೆಯ ಗೂಟದಲ್ಲಿ ಅಜ್ಜಯ್ಯನ ಕೇಪಿನ ಕೋವಿ ತೂಗುತ್ತಿತ್ತು. ಹಂದಿ, ಮಂಗಗಳಿಂದ ಗದ್ದೆ ತೋಟಗಳನ್ನು ಕಾಯುವುದಕ್ಕೆಂದು ಪರವಾನಗಿ ಪಡೆದು ಇಟ್ಟುಕೊಂಡಿದ್ದ ಕೋವಿ ಅದು. ಕಳೆದ ದೀಪಾವಳಿಯಂದು ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅವನ ಮಾತಿನಿಂದಾಗಿ ಆ ನೆನಪಿಗೆ ಇನ್ನೊಂದು ನೆನಪು ಸೇರಿಕೊಂಡಿತು. ಎರಡನ್ನೂ ಬರೆದಿಡಬೇಕೆನಿಸಿದೆ.

ಕೇಪಿನ ಕೋವಿಯನ್ನು ಕಾಣದವರಿಗಾಗಿ ಒಂದೆರಡು ಮಾತು. ಅದಕ್ಕೆ ಸಿದ್ಧ ತೋಟೆಯಿಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕಗಳಿಂದಾದ ಕರಿಮದ್ದನ್ನು ನಳಿಗೆಯ ಬಾಯಿಂದ ಸುರಿಯಬೇಕು. ಅದರ ಮೇಲೆ ತೆಂಗಿನ ನಾರನ್ನಿಟ್ಟು ಗಜದಿಂದ ಒತ್ತಬೇಕು. ಬಳಿಕ ಚರೆ, ಮತ್ತೆ ನಾರು. ಕಡೆಗೆ ಕುದುರೆ ಬಡಿಯುವ ಜಾಗದಲ್ಲಿ ಕೇಪು. ಮದ್ದು ಅಳೆಯಲು ಅಜ್ಜಯ್ಯನ ಬಳಿ ಒಂದು ಬಿದಿರಿನ ತುಂಡಿತ್ತು. ಕೋವಿ ಮುದಿಯಾಯಿತೆಂದು ಅವರು ಅದನ್ನು ಅರ್ಧಕ್ಕೆ ಕೊಯ್ದುಬಿಟ್ಟಿದ್ದರು. "ಹಂದಿ ಓಡಿದರೆ ಸಾಕು. ಮುದುಕನಿಗೆ ಗಂಜಿ, ಮುದಿ ಕೋವಿಗೆ ಅರ್ಧ ಅಳತೆ" ಎನ್ನುತ್ತಿದ್ದರು. ಗಜದ ಮೇಲೆ ಚಾಕುವಿನಿಂದ ಕೊರೆದ ಗೀಟುಗಳಿದ್ದವು. ಮದ್ದಿನ ಮೇಲೆ ನಾರನ್ನು ಒತ್ತಿದ ಮೇಲೆ ಮೊದಲನೆಯ ಗೀಟು ನಳಿಗೆಯ ಬಾಯಿಗೆ ಸಮನಾಗಿ ನಿಲ್ಲಬೇಕು.

1971ರ ಒಂದು ಸಂಜೆ. ನನಗೆ ಹದಿಮೂರು ವರ್ಷ. ಅಜ್ಜಯ್ಯ ಮದ್ದು ಸುರಿದು, ಯಾರೋ ಕರೆದರೆಂದು ಅಂಗಳಕ್ಕೆ ಇಳಿದರು. ಸದ್ದು ಜೋರಾಗಲೆಂಬ ಹುಡುಗಾಟಿಕೆಯಿಂದ ನಾನು ಇನ್ನೊಂದು ಅಳತೆ ಸುರಿದೆ. ಅವರು ಮರಳಿ ಬಂದು ನಾರನ್ನಿಟ್ಟು ಗಜವನ್ನು ಒತ್ತಿದರು. ಗೀಟು ನಳಿಗೆಯ ಬಾಯಿಗಿಂತ ಮೇಲೆಯೇ ನಿಂತಿತು. ಅವರ ಕೈ ಅಲ್ಲಿಯೇ ತಡೆಯಿತು. ಮಾತಾಡದೆ ನಾರನ್ನು ತೆಗೆದು, ಮದ್ದನ್ನು ಅಡಿಕೆ ಹಾಳೆಯ ಮೇಲೆ ಸುರಿದು, ಬಿದಿರಿನಲ್ಲಿ ಅಳೆದರು. ಎರಡು ಅಳತೆ ಬಂತು.

"ಎರಡು ಸಲ ಹಾಕಿದ್ದು ನೀನಾ ಮಗಾ?"

ಹೌದೆಂದು ತಲೆಯಾಡಿಸಿದೆ. ಬೆನ್ನಿಗೆ ಏಟು ಬೀಳುವುದೆಂದು ಕಾದೆ. ಬೀಳಲಿಲ್ಲ.

"ಹೇಳಿದೆಯಲ್ಲ, ಒಳ್ಳೇದಾಯ್ತು. ನೀನಲ್ಲದಿದ್ದರೂ ನಾನೇ ಮರೆತು ಹಾಕಬಹುದಿತ್ತು. ನನ್ನ ನೆನಪನ್ನು ನಾನು ನಂಬೋದಿಲ್ಲ. ಅದಕ್ಕೇ ಈ ಗೀಟು."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಜ್ಜಯ್ಯನ ಬಲಗೈಯೇ ಕಣ್ಣ ಮುಂದೆ ಬರುತ್ತಿತ್ತು.

ಇನ್ನು ನನ್ನ ವಿದ್ಯಾರ್ಥಿಯ ವಿಷಯ. ಅವನು ಈಗ ಅಮೆರಿಕದ ಟೆಕ್ಸಾಸ್‌ನಲ್ಲಿ ಎಂಜಿನಿಯರ್. ಹಳೆಯ ರಿವಾಲ್ವರುಗಳಿಗೆ ತಾನೇ ತೋಟೆ ತುಂಬುವ ಹವ್ಯಾಸ ಅವನಿಗಿದೆ. ಅಲ್ಲಿ ಸ್ವಂತ ಬಳಕೆಗೆ ಅದಕ್ಕೆ ಅಡ್ಡಿಯಿಲ್ಲ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಅವನು ಹೇಳಿದ ವಿವರಗಳು ಕುತೂಹಲಕರವಾಗಿದ್ದವು.

1873ರಲ್ಲಿ ಬಂದ '.45 ಕೋಲ್ಟ್' ತೋಟೆಯನ್ನು ರೂಪಿಸಿದ್ದು ಕರಿಮದ್ದಿಗಾಗಿ. ಅದರ ಹಿತ್ತಾಳೆಯ ಕೋಶದಲ್ಲಿ ನಲವತ್ತು ಗ್ರೇನ್, ಎಂದರೆ ಸುಮಾರು 2.6 ಗ್ರಾಂ ಮದ್ದು ಹಿಡಿಸುತ್ತಿತ್ತು. ಆಮೇಲೆ ಬಂದ ಹೊಗೆಯಿಲ್ಲದ ಮದ್ದಿಗೆ ಶಕ್ತಿ ಹೆಚ್ಚು, ಅದು ಬಹಳ ಸ್ವಲ್ಪವೇ ಸಾಕು. ಹಳೆಯ ಕಬ್ಬಿಣಕ್ಕೆ ನೋವಾಗದಂತೆ ಮೆದುವಾದ ತೋಟೆ ಮಾಡಬೇಕಾದರೆ ಇನ್ನೂ ಕಡಿಮೆ. ಆಗ ಕೋಶದ ಬಹುಪಾಲು ಖಾಲಿ ಉಳಿಯುತ್ತದೆ. ಬ್ರಿಟಿಷ್ ಸೈನ್ಯದವರು ತಮ್ಮ '.455' ರಿವಾಲ್ವರಿಗೆ ಕರಿಮದ್ದಿನ ಬದಲು ಕಾರ್ಡೈಟ್ ಬಳಸತೊಡಗಿದ ಮೇಲೆ, 1897ರಲ್ಲಿ ಕೋಶವನ್ನೇ ಗಿಡ್ಡ ಮಾಡಿದರು. ಕಾರ್ಡೈಟ್ ಎಂದರೆ ನಮ್ಮ ನೆರೆಯ ನೀಲಗಿರಿಯ ಅರುವಂಕಾಡಿನಲ್ಲಿ 1903ರಲ್ಲಿ ಸ್ಥಾಪನೆಯಾದ ಕಾರ್ಖಾನೆಗೆ ಹೆಸರು ಕೊಟ್ಟ ಅದೇ ಮದ್ದು.

"ಕಡಿಮೆ ಹಾಕುವುದರಲ್ಲಿ ಅಪಾಯವೇನಪ್ಪ?" ಎಂದು ಕೇಳಿದೆ.

"ಎರಡು ಅಪಾಯ ಸಾರ್. ತೀರ ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದು ಗೊತ್ತಾಗದೆ ಇನ್ನೊಂದು ಹಾರಿಸಿದರೆ ನಳಿಗೆ ಸೀಳಬಹುದು. ಇನ್ನೊಂದು, ಜಾಗ ಖಾಲಿ ಇರುವುದರಿಂದ ಮರೆತು ಎರಡು ಸಲ ಹಾಕಿದರೂ ಅದು ಹಿಡಿಸಿಬಿಡುತ್ತದೆ, ಹೊರಗೆ ಚೆಲ್ಲುವುದಿಲ್ಲ. ಗುಂಡು ಕೂರಿಸಿದ ಮೇಲೆ ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ."

ಅದಕ್ಕಾಗಿ ಅವನು ಐವತ್ತು ಕೋಶಗಳನ್ನು ಹಲಗೆಯ ಕುಳಿಗಳಲ್ಲಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಒಂದೊಂದರ ಒಳಗೂ ಟಾರ್ಚ್ ಬಿಟ್ಟು ಮದ್ದಿನ ಮಟ್ಟ ನೋಡುತ್ತಾನಂತೆ. ಒಂದರಲ್ಲಿ ಅನುಮಾನ ಬಂದರೂ ಐವತ್ತನ್ನೂ ಸುರಿದು ಮೊದಲಿನಿಂದ ಶುರುಮಾಡುತ್ತಾನಂತೆ. ಅಜ್ಜಯ್ಯನ ಗಜದ ಗೀಟು ಏಳು ಸಮುದ್ರ ದಾಟಿ ಟಾರ್ಚ್ ಆಗಿ ನಿಂತಿದೆಯಲ್ಲ ಎಂದು ನನಗೆ ಸಂತೋಷವಾಯಿತು. ಅಂದಿನ ಕಥೆಯನ್ನು ಅವನಿಗೆ ಹೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಗುತ್ತಲೇ ಕೇಳಿದ: "ನೀವು ನನಗೆ ಹೊಡೆದದ್ದು ನೆನಪಿದೆಯಾ ಸಾರ್?"

ನೆನಪಿತ್ತು. ಪ್ರಯೋಗಶಾಲೆಯಲ್ಲಿ ಅವನು ಒಂದೇ ಪ್ರನಾಳಕ್ಕೆ ಎರಡು ಸಲ ಆಮ್ಲ ಸುರಿದು, ಅದು ಉಕ್ಕಿ ಮೇಜಿನ ಮೇಲೆ ಚೆಲ್ಲಿತ್ತು. ತಾನಾಗಿಯೇ ನನ್ನ ಬಳಿ ಬಂದು ಹೇಳಿದ ಹುಡುಗನ ಕೆನ್ನೆಗೆ, ಇಡೀ ತರಗತಿಯ ಮುಂದೆ, ನಾನು ಬಾರಿಸಿದ್ದೆ. ಬಿ.ಎಡ್. ಓದಿ, ಮಕ್ಕಳ ಮನಶ್ಶಾಸ್ತ್ರದ ಪರೀಕ್ಷೆ ಬರೆದು ಬಂದವನು ನಾನು!

"ನೋವು ಅವತ್ತೇ ಹೋಯ್ತು ಸಾರ್. ಆದರೆ ಅವತ್ತಿನಿಂದ ಏನಾದರೂ ತಪ್ಪಾದರೆ ನಾವ್ಯಾರೂ ನಿಮಗೆ ಹೇಳುತ್ತಿರಲಿಲ್ಲ. ಮೊದಲು ಒರೆಸಿಬಿಡುತ್ತಿದ್ದೆವು."

ಅದರಲ್ಲಿ ಆಕ್ಷೇಪಣೆಯ ಧ್ವನಿ ಇರಲಿಲ್ಲ. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ಎಷ್ಟು ಪ್ರನಾಳಗಳು ಒಡೆದವೋ, ಎಷ್ಟು ಬೆರಳುಗಳು ಸುಟ್ಟವೋ, ನನಗೆ ತಿಳಿಯದೆಯೇ ಉಳಿದವು. ನನ್ನ ಪ್ರಯೋಗಶಾಲೆಯಲ್ಲಿ ಅಪಘಾತಗಳೇ ಇಲ್ಲವೆಂದು ಹೆಮ್ಮೆಪಡುತ್ತಿದ್ದೆ!

ಅಜ್ಜಯ್ಯ ಅಂದು ಹೊಡೆದಿದ್ದರೆ ನಾನು ಮುಂದಿನ ಸಲ ತಪ್ಪು ಮಾಡದೆ ಇರುತ್ತಿದ್ದೆನೋ ಇಲ್ಲವೋ. ಆದರೆ ಖಂಡಿತ ಬಾಯಿ ಬಿಡುತ್ತಿರಲಿಲ್ಲ. ಅವರು ಅರ್ಧ ಅಳತೆಯನ್ನು ಕೋವಿಗೆ ಮಾತ್ರ ಇಟ್ಟುಕೊಂಡಿರಲಿಲ್ಲವೆಂಬುದು ನನಗೆ ಹೊಳೆದದ್ದು ನಿವೃತ್ತಿಯ ನಂತರ, ಅದೂ ಶಿಷ್ಯನ ಬಾಯಿಂದ.

ಹೊರಡುವಾಗ ಅವನು ಪದ್ಧತಿಯಂತೆ ಕಾಲಿಗೆರಗಲು ಬಗ್ಗಿದ. ನಾನು ತಡೆದು, "ಅವತ್ತು ನನ್ನದು ತಪ್ಪಾಯ್ತಪ್ಪ" ಎಂದೆ. ಮೂವತ್ತು ವರ್ಷ ತಡವಾಗಿ ಹೇಳಿದ ಮಾತು.

"ಹೇಳಿದಿರಲ್ಲ, ಒಳ್ಳೇದಾಯ್ತು ಸಾರ್" ಎಂದ. ಅದು ಅಜ್ಜಯ್ಯನ ಮಾತೆಂದು ತಿಳಿದೇ ಹೇಳಿದನೆಂದು ಕಾಣುತ್ತದೆ.