ನಾಸಿಕದ ಬಳ್ಳಿ, ಎಲ್ಲೋರಾದ ಬಂಡೆ

ಜನವರಿಯಲ್ಲಿ ಪುಣೆಯಿಂದ ಮೂರು ದಿನದ ಪ್ರವಾಸ. ವೈನರಿ ನನ್ನ ಆಸೆ, ಗುಡಿಗಳು ಅಪ್ಪನಿಗಾಗಿ. ಸಿನ್ನರಿನಲ್ಲಿ ಸೇವುಣರ ಕಾಲದ ಗೊಂಡೇಶ್ವರನನ್ನು ಅವರು ಒಂದೇ ಸುತ್ತಿನಲ್ಲಿ ಮುಗಿಸಿದರು. ನಾಸಿಕದ ದ್ರಾಕ್ಷಿತೋಟದಿಂದ ಮಾತ್ರ ಅಲುಗಲಿಲ್ಲ. ಬೋರ್‌ವೆಲ್ ಬತ್ತಿ ವಿಜಯಪುರದ ನಮ್ಮ ಮೂರೆಕರೆ ದ್ರಾಕ್ಷಿ ಹೋದಮೇಲೆ ಅವರು ಬಳ್ಳಿ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಗೈಡ್ ಶೆನಿನ್ ಬ್ಲಾಂಕ್, ಶಿರಾಜ್ ಎನ್ನುತ್ತಿದ್ದರೆ ಇವರು ಚಾಟಣಿ ಮಾಡಿದ ಕಡ್ಡಿಯ ಕಣ್ಣು ಎಣಿಸುತ್ತಿದ್ದರು. "ಎಷ್ಟ್ ಸಣ್ಣ ಕಾಯಿ, ಬೀಜ ಬ್ಯಾರೆ!" ವೈನ್ ಕುಡಿಯಲಿಲ್ಲ, ನನ್ನ ಗ್ಲಾಸು ಮೂಸಿ ಕೊಟ್ಟರು. (ಅವ್ವನಿಗೆ ಹೇಳಬಾರದಂತೆ.)

ಕೊನೆಯ ದಿನ ಎಲ್ಲೋರಾ. 8ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲಕ್ಕೆ, ಬಂಡೆಯನ್ನು ಮೇಲಿಂದ ಕೆಳಕ್ಕೆ ಕಡಿಯುತ್ತ ಇಳಿದ ಕೈಲಾಸ. ಅಪ್ಪ ಕತ್ತೆತ್ತಿ ನಿಂತರು. "ಇದೂ ಚಾಟಣೀನ ತಮ್ಮಾ. ಹೆಚ್ಚು ಕಡದ್ರ ಮುಗೀತು."

ವಾಪಸು ಬರುವಾಗ, ಆ ಹೊಲ ಯಾರಿಗೆ, ಎಷ್ಟಕ್ಕೆ ಮಾರಿದರೆಂದು ಮೊದಲ ಸಲ ಹೇಳಿದರು.