ಬೆಳ್ಳಿಯ ಹಗಲು

ಬೆಳ್ಳಿ ಮೂಡಿತೆಂದರೆ ರೈತನಿಗೆ ಎದ್ದು ನೇಗಿಲು ಹೂಡುವ ಹೊತ್ತು. ಗಡಿಯಾರವಿಲ್ಲದ ಮನೆಗಳಿಗೆ ಬೆಳಗಿನ ಜಾವವನ್ನು ಸಾರುತ್ತಿದ್ದ ಈ ಶುಕ್ರಗ್ರಹ ತನ್ನ ಹಗಲಿರುಳುಗಳ ವಿಷಯದಲ್ಲಿ ಮಾತ್ರ ಬಲು ಸೋಮಾರಿ.

ದಟ್ಟವಾದ ಮೋಡಗಳ ಮುಸುಕಿನಿಂದಾಗಿ ಶುಕ್ರನ ನೆಲ ದೂರದರ್ಶಕಕ್ಕೆ ಕಾಣದು. 1960ರ ದಶಕದ ಆರಂಭದಲ್ಲಿ ರೇಡಾರ್ ಅಲೆಗಳು ಆ ಮುಸುಕನ್ನು ಭೇದಿಸಿ, ನೆಲಕ್ಕೆ ತಾಗಿ ಮರಳಿದಾಗ ಗುಟ್ಟು ರಟ್ಟಾಗತೊಡಗಿತು. ಶುಕ್ರ ತನ್ನ ಅಕ್ಷದ ಮೇಲೆ ಒಮ್ಮೆ ತಿರುಗಲು 243 ದಿನಗಳು ಬೇಕು. ಸೂರ್ಯನನ್ನು ಸುತ್ತಲು 225 ದಿನಗಳೇ ಸಾಕು. ಅದು ತಿರುಗುವುದೂ ಭೂಮಿಗೆ ವಿರುದ್ಧವಾದ ದಿಕ್ಕಿನಲ್ಲಿ. ಅಲ್ಲಿ ಸೂರ್ಯ ಪಡುವಣದಲ್ಲಿ ಮೂಡಿ ಮೂಡಣದಲ್ಲಿ ಮುಳುಗುತ್ತಾನೆ. ಒಂದು ಸೂರ್ಯೋದಯಕ್ಕೂ ಮುಂದಿನದಕ್ಕೂ ನಡುವೆ ಸುಮಾರು 117 ದಿನಗಳ ಅಂತರವಿದೆ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಚಂದ್ರನು ಭೂಮಿಗೆ ಸದಾ ಒಂದೇ ಮುಖವನ್ನು ತೋರುತ್ತಾನೆ. ಭೂಮಿಯ ಸೆಳೆತ ಅವನ ತಿರುಗುವಿಕೆಗೆ ಕಡಿವಾಣ ಹಾಕಿದೆ. ಸೂರ್ಯನ ಸಮೀಪದಲ್ಲಿರುವ ಶುಕ್ರನಿಗೆ ಅದೇ ಗತಿ ಏಕೆ ಒದಗಲಿಲ್ಲ?

ಇದಕ್ಕೆ ಉತ್ತರ ಗಾಳಿಯಲ್ಲಿದೆ. ಸೂರ್ಯನ ಸೆಳೆತದಿಂದ ಗ್ರಹದ ಗಟ್ಟಿಯಾದ ಒಡಲು ತುಸು ಉಬ್ಬುತ್ತದೆ. ಗ್ರಹವು ತಿರುಗುತ್ತಾ ಆ ಉಬ್ಬನ್ನು ಸೂರ್ಯನ ನೇರದಿಂದ ಮುಂದಕ್ಕೆ ಒಯ್ಯುತ್ತದೆ. ಸೂರ್ಯನು ಅದನ್ನು ಹಿಂದಕ್ಕೆ ಜಗ್ಗುತ್ತಾನೆ. ಇದರಿಂದ ತಿರುಗುವ ವೇಗ ಕುಗ್ಗುತ್ತದೆ. ಗಾಳಿಯ ಉಬ್ಬರ ಬೇರೆ ಬಗೆಯದು. ಅದಕ್ಕೆ ಮುಖ್ಯ ಕಾರಣ ಬಿಸಿಲು. ಮಧ್ಯಾಹ್ನ ಕಳೆದ ಬಳಿಕ ಹೆಚ್ಚು ಕಾದ ಗಾಳಿ ಹಿಗ್ಗಿ, ತಂಪಾದ ಕಡೆಗೆ ಸರಿಯುತ್ತದೆ. ಹೀಗೆ ಗಾಳಿಯ ರಾಶಿ ಸೂರ್ಯನ ನೇರಕ್ಕಿಂತ ಹಿಂದೆ, ಪೂರ್ವಾಹ್ನದ ಕಡೆ ಕೂಡುತ್ತದೆ. ಸೂರ್ಯನು ಅದನ್ನು ಮುಂದಕ್ಕೆ ಸೆಳೆದಾಗ ಗಾಳಿಯು ನೆಲವನ್ನೂ ತನ್ನೊಡನೆ ಮುಂದಕ್ಕೆ ನೂಕುತ್ತದೆ. ಶುಕ್ರನ ಗಾಳಿಯ ಒತ್ತಡ ಭೂಮಿಯದಕ್ಕಿಂತ ಸುಮಾರು 90 ಪಟ್ಟು ಹೆಚ್ಚು. ಆದುದರಿಂದ ಈ ನೂಕು ಅಲ್ಪವಲ್ಲ. ಈ ಎರಡು ಬಲಗಳ ಸಮತೋಲವನ್ನು 1969ರಲ್ಲಿ ಥಾಮಸ್ ಗೋಲ್ಡ್ ಮತ್ತು ಸ್ಟೀವನ್ ಸೋಟರ್ ವಿವರಿಸಿದರು.

ಭೂಮಿಯ ಮೇಲೂ ಇಂಥ ಉಬ್ಬರವುಂಟು. ಉಷ್ಣವಲಯದಲ್ಲಿ ವಾಯುಭಾರಮಾಪಕದ ಪಾದರಸ ನಿತ್ಯವೂ ಬೆಳಿಗ್ಗೆ ಹತ್ತರ ಸುಮಾರಿಗೆ ಒಮ್ಮೆ, ರಾತ್ರಿ ಹತ್ತರ ಸುಮಾರಿಗೆ ಮತ್ತೊಮ್ಮೆ ತುಸು ಏರುತ್ತದೆ. ಇದು ಭೂಮಿಯ ತಿರುಗುವಿಕೆಗೆ ಕಿಂಚಿತ್ ನೆರವಾಗುತ್ತದೆಂದು ಲಾರ್ಡ್ ಕೆಲ್ವಿನ್ 1882ರಲ್ಲೇ ಸೂಚಿಸಿದ್ದನು. ಆದರೆ ಚಂದ್ರನ ತಡೆ ಅದಕ್ಕಿಂತ ಬಲವಾದುದು.

ದೂರದ ಕಿರುನಕ್ಷತ್ರಗಳನ್ನು ಬಳಸಿ ಸುತ್ತುವ ಶಿಲಾಗ್ರಹಗಳಲ್ಲಿ ಒಂದು ಪಾರ್ಶ್ವ ಸದಾ ಬೇಯುತ್ತ, ಇನ್ನೊಂದು ಸದಾ ಕತ್ತಲಲ್ಲಿ ಹೆಪ್ಪುಗಟ್ಟಿರಬೇಕೆಂದು ಭಾವಿಸಲಾಗಿತ್ತು. ಅಂಥ ಕೆಲವು ಗ್ರಹಗಳಲ್ಲಿ ಭೂಮಿಯಷ್ಟೇ ತೆಳುವಾದ ಗಾಳಿಯಿದ್ದರೂ ಹಗಲಿರುಳುಗಳು ಉಳಿಯಬಲ್ಲವೆಂದು 2015ರಲ್ಲಿ ಪ್ರಕಟವಾದ ಗಣನೆಯೊಂದು ತೋರಿಸಿತು. ಜೀವವನ್ನು ಅರಸುವವರಿಗೆ ಇದು ಸಣ್ಣ ಮಾತಲ್ಲ.

ಹುರುಳಿಲ್ಲದ ಸುದ್ದಿಯನ್ನು ಗಾಳಿಮಾತೆಂದು ತಳ್ಳಿಹಾಕುವುದುಂಟು. ಬೆಳ್ಳಿಯ ನಾಡಿನಲ್ಲಾದರೋ ಹಗಲನ್ನೂ ಇರುಳನ್ನೂ ಉಳಿಸಿಕೊಂಡು ಬಂದಿರುವುದು ಆ ಗಾಳಿಯೇ.